ಶುದ್ಧ ನೀರಿನೊಳಗಿನ ಮೂವತ್ತೆರಡು

ದೆವ್ವ ಕತ್ತಲಲ್ಲೇ ಬರುತ್ತದೆ ಅನ್ನುವವರು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಒಂದು ದಿನವೂ ಕೂತವರಲ್ಲ. ಕಾಗವಾಡದ ನಮ್ಮ ಲ್ಯಾಬಿಗೆ ಅದು ಮಟಮಟ ಮಧ್ಯಾಹ್ನ ಬರುತ್ತದೆ, ಅದೂ ಅಂಕಿಯಾಗಿ. ನೀರಿನ ಕಲ್ಮಶ ಲೆಕ್ಕ ಹಾಕುತ್ತಲೇ ನನ್ನ ತಲೆ ನರೆತಿದೆ, ಹೆದರುವುದು ಮಾತ್ರ ಬಿಟ್ಟಿಲ್ಲ. ಹೋದ ಬೇಸಿಗೆಯ ಎರಡು ದಿನವನ್ನಂತೂ ನಾನು ಮರೆಯಲಾರೆ.

೧. ವಾಪಸ್ ಕೊಡಬೇಕಾದ ನೀರು

ಉಗಾರ ಬುದ್ರುಕದಿಂದ ಒಬ್ಬ ಜೈನ ಆಯಿ, ಅಂದರೆ ಅಜ್ಜಿ, ಬಂದರು. ಕೈಯಲ್ಲಿ ಮನೆ ಹಿಂದಿನ ಬಾವಿಯ ನೀರು ತುಂಬಿದ ಸ್ಟೀಲ್ ಗಿಂಡಿ. ಓಣಿಯ ಹೆಣ್ಣುಮಗಳೊಬ್ಬಳು ಮಧ್ಯಾಹ್ನ ಬಾವಿಯ ಬಳಿ ನಿಂತು ಗಂಡನನ್ನು ಕೂಗಿದಾಗ ಒಳಗಿಂದ "ಹೂಂ" ಅಂತ ಬಂತಂತೆ. ಗಂಡ ಆಗ ಊರಲ್ಲೇ ಇರಲಿಲ್ಲ, ಮೀರಜ್‌ನಲ್ಲಿದ್ದ. ಅಂದಿನಿಂದ ಅಲ್ಲಿ ಯಾರೂ ಕೊಡ ಇಳಿಸಿಲ್ಲ.

"ಮಗಾ ನಾಳೆ ಜೆಸಿಬಿ ತರಿಸಿ ಬಾವಿ ಮುಚ್ಚತೀನಿ ಅಂತಾನ. ನೀರು ಚಲೋ ಐತಿ ಅಂತ ಕಾಗದಾ ತಂದ್ರ ಬಿಡತಾನಂತ. ನಾ ಈ ಮನಿಗಿ ಬಂದಾಗಿಂದ ಅದ ನೀರ ಕುಡದೀನ್ರಿ," ಅಂದರು ಆಯಿ. ಕಣ್ಣು ತುಂಬಿತ್ತು.

"ಉಳದ ನೀರು ವಾಪಸ್ ಕೊಡ್ರಿ. ಅದರಾಗಿನ ಜೀವಾ ಅದ ಬಾವಿಗಿ ಹೋಗಬೇಕು," ಅಂತಲೂ ಹೇಳಿದರು. ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಅದೇ ಬಾವಿಗೆ ಬಿಡುವುದು ಅವರ ಮನೆತನದ ರೂಢಿ.

ನಮ್ಮ ಅಟೆಂಡರ್ ಮಾಮಾ ಅದೇ ಊರಿನವರು, ರಿಟೈರ್ ಆಗಲು ಒಂದೇ ವರ್ಷ. ಅವರು ಗಿಂಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ಯಾವ ಜೀವಾ ಅಂತ ಕೇಳ್ರಿ ಮೇಡಮ್ಮಾರ. ಸಣ್ಣವೋ, ದೊಡ್ಡದೋ?"

೨. ಕಂಡುಬಂದಿಲ್ಲ

ಮೊದಲು ಆರ್ಸೆನಿಕ್ ನೋಡಿದೆ. ಸಿಗಲಿಲ್ಲ. "ಕಂಡುಬಂದಿಲ್ಲ" ಅಂತ ಬರೆದೆ.

"ಇಲ್ಲ ಅಂತ ಬರೀರಿ," ಅಂದರು ಆಯಿ.

"ಹಂಗ ಬರಿಯಾಕ ಬರೂದಿಲ್ರಿ ಆಯಿ. ಭಾಳ ಕಡಿಮಿ ಇದ್ರ ನಮ್ಮ ಮಷೀನಿಗಿ ಕಾಣಸೂದಿಲ್ಲ."

ಮಾಮಾ ಮೂಲೆಯಿಂದ ನಿಟ್ಟುಸಿರು ಬಿಟ್ಟರು. "ಅದೂ ಹಂಗ ಅಲ್ಲೇನ್ರಿ. ಐತಿ, ಕಾಣಸೂದಿಲ್ಲ."

೩. ಮುನ್ನೂರ ಹತ್ತು

ಆಯಿ ಊರಿಗೆ ಹೋದ ಮೇಲೆ ನೈಟ್ರೇಟ್ ನೋಡಲು ಕೂತೆ. ಕಬ್ಬಿಗೆ ಸುರಿದ ಯೂರಿಯಾ ನೆಲಕ್ಕಿಳಿದು ನೀರು ಸೇರಿದರೆ ಈ ನೈಟ್ರೇಟ್ ಹುಟ್ಟುತ್ತದೆ. ಲೀಟರಿಗೆ ನಲವತ್ತೈದು ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ನಮ್ಮ ಕಡೆ ಅದು ಜಾಸ್ತಿ ಇರುವುದರಿಂದ, ಒಂದು ಪಾಲು ಬಾವಿ ನೀರಿಗೆ ಒಂಬತ್ತು ಪಾಲು ಬಟ್ಟಿ ಇಳಿಸಿದ ಶುದ್ಧ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಹತ್ತರಿಂದ ಗುಣಿಸುತ್ತೇವೆ.

ಬಂದದ್ದು ಮೂವತ್ತೊಂದು. ಅಂದರೆ ಮುನ್ನೂರ ಹತ್ತು! ಮತ್ತೆ ಮಾಡಿದೆ, ಮೂವತ್ತೊಂದು. ಮೂರನೇ ಸಲವೂ ಮೂವತ್ತೊಂದು. ಫ್ಯಾನ್ ನಿಂತಿತ್ತು, ಆದರೂ ಕೈಮೇಲಿನ ಕೂದಲು ನಿಮಿರಿದವು. ಆಯಿಯ ಮಗನಿಗೆ ಫೋನ್ ಮಾಡಿ, ನೀರು ಕುಡಿಯುವಂತಿಲ್ಲ ಅಂತ ಹೇಳಿಬಿಟ್ಟೆ.

ಮಾಮಾಗೆ ಮಾತ್ರ ಎಲ್ಲಿಲ್ಲದ ಸಮಾಧಾನ. "ಮೂರ ಸಲಾ ಕೇಳಿದ್ರಿ, ಮೂರ ಸಲಾನೂ ಹೂಂ ಅಂತು."

೪. ಜೀವ ಇದ್ದ ನೀರು

ಬರೀ ಶುದ್ಧ ನೀರನ್ನು ಮೊದಲು ಅಳೆದು, ಸೊನ್ನೆ ಬಂತೇ ಅಂತ ನೋಡುವುದು ನಿಯಮ. ಸೋಮಾರಿತನಕ್ಕೆ ಅದನ್ನು ಬಿಟ್ಟಿದ್ದೆ. ಮರುದಿನ ಮನಸ್ಸು ತಡೆಯದೆ ಅಳೆದೆ. ಏನೂ ಇರಬಾರದ ನೀರಿನಲ್ಲಿ ಮೂವತ್ತೆರಡು ಇತ್ತು! ದೆವ್ವದ ಬಾವಿಯ ನೀರು ಬೆರೆಸಿದಾಗ ಬಂದದ್ದಕ್ಕಿಂತ ಒಂದು ಜಾಸ್ತಿ.

"ಮಾಮಾ, ಈ ಶುದ್ಧ ನೀರಿನ ಕ್ಯಾನಿಗೆ ಏನ ಹಾಕೀರಿ?"

"ಅದು ಸತ್ತ ನೀರ ಅಲ್ರೀ? ಕಾಸಿ ಕಾಸಿ ಜೀವಾ ತಗದಿರತೀರಿ. ಸತ್ತದ್ದ ಕಂಡ್ರ ದೆವ್ವಾ ಹತ್ತಗೊಳ್ಳತೈತಿ. ನಿನ್ನೆ ಆಯಿ ಹೋಗೂದ ತಡಾ, ಅರ್ಧಾ ಚೆಲ್ಲಿ, ಅರ್ಧಾ ನಮ್ಮ ಹೊಲದ ಬೋರಿನ ನೀರು ತುಂಬೀನಿ. ನಿಮ್ಮ ಸಲುವಾಗಿನ!"

ನಿನ್ನೆ ನಾನು ಹತ್ತರಿಂದ ಗುಣಿಸಿದ್ದು ಬೋರಿನ ನೀರನ್ನು. ಹೊಸದಾಗಿ ಬಟ್ಟಿ ಇಳಿಸಿ ಮತ್ತೆ ಅಳೆದೆ. ಆಯಿಯ ಬಾವಿ ಇಪ್ಪತ್ತೆರಡು. ಅರ್ಧ ಬೆರೆಸಿದ್ದಕ್ಕೇ ಮೂವತ್ತೆರಡು ಅಂದರೆ, ಮಾಮಾನ ಬೋರು ಅರವತ್ತನಾಲ್ಕು.

"ಅಂದ್ರ ಕುಡಿಬಾರದ್ದು ನಮ್ಮ ನೀರೇನ್ರಿ?" ಮಾಮಾನ ಮುಖ ಸುಣ್ಣವಾಯಿತು.

ಮಗ ಫೋನ್ ಎತ್ತಲಿಲ್ಲ. ಮಾಮಾನನ್ನು ಸ್ಕೂಟಿ ಹಿಂದೆ ಕೂರಿಸಿಕೊಂಡು ಓಡಿದೆ. ಬಾವಿಯ ಮುಂದೆ ಜೆಸಿಬಿ ಗುರುಗುಡುತ್ತಿತ್ತು, ಅದರ ಸೊಂಡಿಲಿಗೆ ಡ್ರೈವರ್ ನಿಂಬೆಹಣ್ಣು ಕಟ್ಟಿದ್ದ. ಆಯಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಿದ್ದರು, ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ತಪ್ಪು ನಮ್ಮದು, ನೀರು ಚಲೋ ಇದೆ ಅಂತ ಮಗನ ಕೈಯಲ್ಲಿ ಕಾಗದ ಇಟ್ಟೆ. ಅವನು ಎರಡು ಸಲ ಓದಿ ಜೆಸಿಬಿಯನ್ನು ಹಿಂದೆ ಕಳಿಸಿದ. ಆಯಿ ನನ್ನ ಕೈ ಹಿಡಿದುಕೊಂಡು ಅತ್ತರು, ನಾನೂ ಅತ್ತೆ.

ಅಷ್ಟರಲ್ಲಿ ಮಾಮಾ ಎಲ್ಲಿಂದಲೋ ಒಂದು ಕೊಡ ತಂದು ಬಾವಿಗೆ ಹಗ್ಗ ಇಳಿಸುತ್ತಿದ್ದರು.

ಮಗ ಬಾಯಿ ಬಿಟ್ಟು ನೋಡಿದ. "ಮಾಮಾ, ಇದರಾಗ ದೆವ್ವಾ ಐತಿ ಅಂತ ಊರ ತುಂಬ ಸಾರಿದಾಂವ ನೀನ ಅಲ್ಲೇನೋ?"

"ಈಗೂ ಐತಿ," ಅಂದರು ಮಾಮಾ, ಹಗ್ಗ ಬಿಡದೆ. "ಇದ್ರ ಇರವಲ್ದ್ಯಾಕ. ಅದೇನ ಯೂರಿಯಾ ಹಾಕತೈತೇನು?"