ಕಾರ್ತೇಜಿನ ಬಂದರು ನೋಡಲು ಹೋದದ್ದು

ನೋಡಬೇಕು ಅಂದುಕೊಂಡದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿಕೊಂಡು ಬರುವುದು ನನ್ನ ಹಣೆಬರಹ. ಹಂಪಿಗೆ ಮೂರು ಸಲ ಶಾಲಾ ಪ್ರವಾಸ ಕರೆದುಕೊಂಡು ಹೋಗಿದ್ದೇನೆ. ಮೂರು ಸಲವೂ ತಲೆ ಎಣಿಸುವುದರಲ್ಲೇ ಕಲ್ಲಿನ ರಥ ದಾಟಿಹೋಯಿತು. ಇಂಥವು ಒಂದೆರಡಲ್ಲ, ಬಿಡಿ. ಆದರೆ ಹೋದ ವರ್ಷದ್ದು ಮಾತ್ರ ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಿದೆ.

ಫೋನು

ಕನಕಪುರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿ ರಿಟೈರಾದವನು ನಾನು. ರೋಮ್ ಪಾಠದಲ್ಲಿ ಕಾರ್ತೇಜ್ ಅನ್ನುವ ಪಟ್ಟಣಕ್ಕೆ ನಾಲ್ಕೇ ಸಾಲು. ನಾನು ಅದನ್ನು ಎರಡು ದಿನ ಎಳೆಯುತ್ತಿದ್ದೆ. ಆಫ್ರಿಕಾದ ಉತ್ತರದ ತುದಿ, ಸಮುದ್ರದ ದಡ, ರೋಮನರನ್ನೇ ನಡುಗಿಸಿದ ಊರು! ಅದರ ಬಂದರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮುಂದೆ ಒಂದು ಉದ್ದನೆಯ ಕೊಳ, ಹಿಂದೆ ಒಂದು ದುಂಡನೆಯ ಕೊಳ, ಅದರ ನಡುವೆ ಒಂದು ದ್ವೀಪ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತಿತ್ತು: "ನೀವು ನೋಡಿದ್ದೀರಾ ಸಾ?" ನಾನು ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸಲು ಶುರುಮಾಡುತ್ತಿದ್ದೆ. ಸಾಯುವುದರೊಳಗೆ ಆ ಬಂದರನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನುವುದೊಂದೇ ನನಗಿದ್ದ ಆಸೆ.

ಹೀಗಿರುವಾಗ ಬಾಮೈದನ ಫೋನು ಬಂತು. ಅವನದು ಮಾಗಡಿಯಲ್ಲಿ ಸಿಮೆಂಟ್ ಅಂಗಡಿ. ಟಾರ್ಗೆಟ್ ಮುಟ್ಟಿಸಿದ ಡೀಲರ್‌ಗಳನ್ನು ಕಂಪನಿಯವರು ಫಾರಿನ್ ಟೂರಿಗೆ ಕಳಿಸುತ್ತಾರೆ.

"ಭಾವ, ನಾವೆಲ್ಲ ದುಬೈ ಕೇಳಿದ್ರೆ ಇವ್ರು ಟುನೀಸಿಯಾ ಅಂತವ್ರೆ. ಎಲ್ಲೈತೆ ಅದು? ನಮ್ಮನೆಯವಳು ನಾ ಬರಾಕಿಲ್ಲ ಅಂದ್ಬುಟ್ಲು. ನಾಲ್ಕು ಸೀಟು ಐತೆ. ಅವ್ವ, ಅಕ್ಕ, ನೀವು ಬಂದ್ಬುಡಿ."

ಟುನೀಸಿಯಾ! ಕಾರ್ತೇಜ್ ಇರುವುದೇ ಅಲ್ಲಿ. ನನಗೆ ಅವತ್ತು ಊಟ ಸೇರಲಿಲ್ಲ.

ಅತ್ತೆ ಮಾತ್ರ ಒಂದೇ ಮಾತು ಕೇಳಿದರು. "ಅಲ್ಲಿ ಯಾವ ದ್ಯಾವ್ರು ಮೇಷ್ಟ್ರೇ?"

"ಗುಡಿಗಳು ಬೇಕಾದಷ್ಟಿವೆ ಅತ್ತೆ. ಎಲ್ಲಾ ಬಿದ್ದುಹೋಗಿವೆ."

"ಬಿದ್ದೋಗಿರೋದ ನೋಡಾಕೆ ಪ್ಲೇನ್ ಹತ್ತಬೇಕಾ? ನಮ್ಮ ತೋಪಿನ ಗುಡಿ ಬಿದ್ದು ಹತ್ತು ವರ್ಷ ಆಯ್ತು. ಒಂದಿನಾನಾದ್ರೂ ಆ ಕಡೆ ತಿರುಗಿ ನೋಡಿದ್ರಾ ನೀವು?"

ಮೊಸರು

ಇಳಿದುಕೊಂಡದ್ದು ಸಮುದ್ರದ ದಡದ ಹೋಟೆಲು. ಮರಳಿನ ಮೇಲೆ ಬಿಳಿಯ ಹೆಂಗಸರು ಸಾಲಾಗಿ ಬಿಸಿಲಿಗೆ ಮಲಗಿದ್ದರು. ಹೊಂಗನೂರಿನಲ್ಲಿ ಜೀವಮಾನವೆಲ್ಲ ರೇಷ್ಮೆ ಹುಳ ಸಾಕಿದವರು ನಮ್ಮ ಅತ್ತೆ. ಹುಳಕ್ಕೆ ಒಸಿ ಬಿಸಿಲು ತಾಕಿದರೂ ಅವರಿಗೆ ಸಂಕಟ. ಒಬ್ಬೊಬ್ಬರನ್ನೇ ಬಗ್ಗಿ ನೋಡುತ್ತಾ ಹೋದರು.

"ಮೈಯೆಲ್ಲ ಕೆಂಪಗೆ ಬೆಂದೋಗೈತೆ. ಎಬ್ಬಿಸೋರು ಒಬ್ರೂ ಇಲ್ವಲ್ಲ, ಇವ್ರ ಮನೆ ಕಾಯ್ವಾಗ!"

"ಅತ್ತೆ, ಅವರು ಬೇಕು ಅಂತಲೇ ಮಲಗಿರೋದು."

"ಸುಮ್ಕಿರಿ. ಯಾರಾದ್ರೂ ಬೇಕು ಅಂತ ಬೇಯ್ತಾರಾ?"

ಒಬ್ಬಳ ರಟ್ಟೆ ಹಿಡಿದು ಎಬ್ಬಿಸಿ ನೆರಳಿಗೆ ಎಳೆದು ತಂದರು. ತಿಂಡಿಯ ಹೊತ್ತಿನಲ್ಲಿ ಎತ್ತಿಟ್ಟುಕೊಂಡಿದ್ದ ಮೊಸರನ್ನು ಬೆನ್ನಿಗೆಲ್ಲ ಬಳಿದರು. ಪೊಲೀಸರು ಬಂದರೆ ಏನಪ್ಪಾ ಗತಿ ಅಂತ ನಾನು ಕೈಮುಗಿದು ಕ್ಷಮೆ ಕೇಳುತ್ತಿದ್ದೇನೆ, ಆಕೆ ಕಣ್ಣು ಮುಚ್ಚಿ ಹಾಯಾಗಿ ಉಸಿರು ಬಿಟ್ಟಳು.

ಮಾರನೆಯ ಬೆಳಿಗ್ಗೆ ಮ್ಯೂಸಿಯಂಗೆ ಬಸ್ಸು. ಕಾರ್ತೇಜಿನಲ್ಲಿ ಅಗೆದು ತೆಗೆದದ್ದೆಲ್ಲ ಅಲ್ಲೇ ಇದೆಯಂತೆ. ಶೂ ಕಟ್ಟಿಕೊಂಡು ಬಾಗಿಲು ತೆಗೆದರೆ ಆರು ಜನ ಬಿಳಿಯ ಹೆಂಗಸರು ಸಾಲಾಗಿ ನಿಂತಿದ್ದಾರೆ! ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದರು.

"ಬಸ್ಸು ನಾಳಿಕ್ಕೂ ಬತ್ತದೆ ಮೇಷ್ಟ್ರೇ. ಮೊದ್ಲು ಕೆಳಗೋಗಿ ಮೊಸರು ತನ್ನಿ."

ಗಾರೆ

ನಾಳೆಯ ಬಸ್ಸು ಹೋದದ್ದು ಬೇರೆ ಕಡೆಗೆ. ರೋಮನರು ಕಟ್ಟಿದ ದುಂಡನೆಯ ರಂಗಮಂದಿರ, ಮೂರಂತಸ್ತು. ಇದಾದರೂ ಸಿಕ್ಕಿತಲ್ಲ ಅಂತ ನಾನು ಮೊದಲ ಮೆಟ್ಟಿಲು ಹತ್ತಿದ್ದೆ ಅಷ್ಟೆ. ಕೆಳಗೆ ನಲವತ್ತು ಜನ ಸಿಮೆಂಟ್ ಡೀಲರ್‌ಗಳು ಒಂದು ಗೋಡೆಯ ಮುಂದೆ ಗುಂಪು ಕಟ್ಟಿದ್ದರು.

"ಭಾವ, ಇಲ್ಬನ್ನಿ," ಬಾಮೈದ ಕೂಗಿದ. "ಇದಕ್ಕೆ ಯಾವ ಸಿಮೆಂಟ್ ಹಾಕವ್ರೆ, ಕೇಳಿ ಆ ಗೈಡ್‌ನ."

ಗೈಡ್ ಇಂಗ್ಲಿಷಿನಲ್ಲಿ ಹೇಳಿದ, ನಾನು ಕನ್ನಡದಲ್ಲಿ ಹೇಳಿದೆ. ಸಿಮೆಂಟೇ ಅಲ್ಲ, ಸುಣ್ಣ, ಮರಳು, ಹೆಂಚಿನ ಪುಡಿ.

"ಗಾರೆನಾ? ಸುಳ್ಳು ಕಣ್ಲಾ!" ಅಂದ ಒಬ್ಬ ಡೀಲರ್.

ಬಾಮೈದ ಸೊಂಟದಿಂದ ಅಂಗಡಿ ಬೀಗದ ಕೈ ತೆಗೆದು ಗೋಡೆ ಕೆರೆಯಲು ಶುರುಮಾಡಿದ. ಗೋಡೆಗೆ ಏನೂ ಆಗಲಿಲ್ಲ, ಕೀ ಬಾಗಿತು. ಅಷ್ಟರಲ್ಲಿ ಕಾವಲುಗಾರರು ಶಿಳ್ಳೆ ಊದಿಕೊಂಡು ಓಡಿಬಂದು ನಮ್ಮನ್ನೆಲ್ಲ ಹೊರಗೆ ಹಾಕಿ ಗೇಟು ಮುಚ್ಚಿದರು. ಗೋಡೆಗೆ ಬೆರಳೂ ತಾಕಿಸದ ನನ್ನನ್ನೂ ಸೇರಿಸಿ.

ಬಸ್ಸು ಹೊರಟಿತು. ಆ ಗೋಡೆ ಕಂಡು ಡೀಲರ್‌ಗಳ ಮುಖ ಬಾಡಿತ್ತು. ಕೊನೆಗೆ ಬಾಮೈದನೇ ನಿಟ್ಟುಸಿರು ಬಿಟ್ಟ.

"ಎರಡು ಸಾವ್ರ ವರ್ಷ ಹಿಂಗೆ ನಿಂತ್ಕಂಡ್ರೆ ಗಿರಾಕಿ ತಿರ್ಗಾ ಅಂಗ್ಡಿಗೆ ಯಾಕೆ ಬತ್ತಾನೆ ಭಾವ?"

ಬಂದರು

ಉಳಿದದ್ದು ಕೊನೆಯ ದಿನ. ಸಾಯಂಕಾಲಕ್ಕೆ ವಿಮಾನ, ಮಧ್ಯಾಹ್ನ ಕಾರ್ತೇಜಿಗೆ ಒಂದು ಗಂಟೆ ಅಂತ ಗೈಡ್ ಹೇಳಿದ. ಹೊರಡುವ ಮುಂಚೆ ಹೆಂಡತಿಗೆ, ಬಾಮೈದನಿಗೆ, ಅತ್ತೆಗೆ ಕೈಮುಗಿದು ಬೇಡಿಕೊಂಡೆ. "ಈ ಒಂದು ಗಂಟೆ ನನಗೆ ಬಿಟ್ಟುಕೊಡಿ. ಇನ್ನೇನೂ ಕೇಳಲ್ಲ." ಅತ್ತೆಯ ಮನಸ್ಸು ಕರಗಿತು. "ಆಗ್ಲಿ ಬುಡಿ, ಪಾಪ," ಅಂದರು.

ಬಸ್ಸಿಳಿದು ಗಿಡಮರಗಳ ನಡುವೆ ನಡೆದೆವು. ಮೊಣಕಾಲುದ್ದದ ಪುಟ್ಟ ಪುಟ್ಟ ಕಲ್ಲುಗಳು ಸಾಲಾಗಿ ನಿಂತಿದ್ದವು. ಗೈಡ್ ಏನೋ ವಿವರಿಸಿದ.

"ಏನಂತೆ?" ಅಂದರು ಅತ್ತೆ.

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮೂವತ್ತೊಂದು ವರ್ಷ ಪಾಠ ಮಾಡಿದ ಬಾಯಿ, ಎಲ್ಲಿ ಮುಚ್ಚುತ್ತೆ? "ಆ ಕಾಲದಲ್ಲಿ ಸತ್ತ ಮಕ್ಕಳನ್ನ ಸುಟ್ಟು, ಬೂದಿನ ಮಡಕೆಲಿ ತುಂಬಿ ಹೂಳ್ತಿದ್ದ ಜಾಗ ಅತ್ತೆ."

"ಸುಡುಗಾಡಾ?" ಅತ್ತೆ ಎದೆ ಹಿಡಿದುಕೊಂಡರು. "ಸುಡುಗಾಡಿಗೆ ಕರ್ಕಂಡ್ ಬಂದ್ರಾ ನಮ್ಮ?"

"ಎರಡು ಸಾವಿರ ವರ್ಷದ ಹಿಂದಿನದು!"

"ಸುಡುಗಾಡಲ್ಲಿ ಹಳೇದು ಹೊಸದು ಅಂತ ಐತಾ? ತಲೆ ಮೇಲೆ ನೀರು ಬೀಳೋಗಂಟ ಬಸ್ ಹತ್ತಂಗಿಲ್ಲ, ಯಾರ್ನೂ ಮುಟ್ಟಂಗಿಲ್ಲ."

ಡೀಲರ್‌ಗಳ ಹೆಂಡಂದಿರೆಲ್ಲ ಹೌದು ಹೌದು ಅಂದರು. ಹೆಂಡಂದಿರು ಹೌದಂದ ಮೇಲೆ ಡೀಲರ್‌ಗಳದ್ದೇನು? ಪಕ್ಕದಲ್ಲೇ ನೀರು ಕಾಣಿಸಿತು. ನೋಡನೋಡುತ್ತಿದ್ದಂತೆ ಎಲ್ಲರೂ ಉಟ್ಟ ಬಟ್ಟೆಯಲ್ಲೇ ಇಳಿದುಬಿಟ್ಟರು. ದಡದ ಮನೆಗಳವರು ಕಿಟಕಿಗೆ ಬಂದು ನಿಂತರು. ಇದೇ ಸಮಯ ಅಂತ ನಾನು ಮೆಲ್ಲಗೆ ಜಾರಿಕೊಂಡೆ.

"ರೀ!" ನನ್ನ ಹೆಂಡತಿ ಕೂಗಿದಳು. "ಮೈಲಿಗೆಲಿ ಎಲ್ಲಿಗ್ ಹೊಂಟ್ರಿ?"

ಬಾಮೈದ ಬಂದು ರಟ್ಟೆ ಹಿಡಿದ. "ಅವ್ವಂಗೆ ಬಿ.ಪಿ. ಐತೆ ಭಾವ, ಹಟ ಮಾಡ್ಬೇಡಿ." ಹೆಂಡತಿ ನನ್ನ ಕನ್ನಡಕ ಕಿತ್ತು ದಡದಲ್ಲಿದ್ದ ಬ್ಯಾಗಿಗೆ ಹಾಕಿದಳು. ನನ್ನನ್ನು ಎದೆಮಟ್ಟದ ನೀರಿಗೆ ಇಳಿಸಿ ಅತ್ತೆ ಎರಡು ಸಲ ಮುಳುಗಿಸಿದರು.

ಗೈಡ್ ದಡದಲ್ಲಿ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ಟೈಮ್ ಮುಗಿಯಿತು, ವಿಮಾನ ತಪ್ಪುತ್ತೆ ಅಂತ ಕಿರುಚುತ್ತಿದ್ದ. ನಾನು ನೀರಲ್ಲಿ ನಿಂತೇ ಅಂಗಲಾಚಿದೆ. "ಐದು ನಿಮಿಷ ಕೊಡಪ್ಪ. ಬಂದರು ಯಾವ ಕಡೆ ಹೇಳು, ಓಡಿಹೋಗಿ ನೋಡಿಕೊಂಡು ಬಂದುಬಿಡ್ತೀನಿ."

"ಸಾರ್," ಅಂದ ಅವನು, "ನೀವು ನಿಂತಿರೋದೇ ಬಂದರಿನಲ್ಲಿ."

ಸುತ್ತ ತಿರುಗಿ ನೋಡಿದೆ. ಮುಂದೆ ನೀಲಿ ಏನೋ, ಅದರಾಚೆ ಹಸಿರು ಏನೋ. ಉದ್ದವೋ ದುಂಡೋ ದೇವರೇ ಬಲ್ಲ. ಕನ್ನಡಕ ಕೊಡೇ ಅಂದರೆ, ಬ್ಯಾಗು ಆಗಲೇ ಬಸ್ಸು ಸೇರಿದೆ ಅಂದಳು. ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ ಗಳಗಳನೆ ಅತ್ತುಬಿಟ್ಟೆ.

ಅತ್ತೆ ಹತ್ತಿರ ಬಂದು ಬೆನ್ನು ಸವರಿದರು.

"ಅಷ್ಟೊಂದು ಹಚ್ಕಬೇಡಿ ಮೇಷ್ಟ್ರೇ. ಯಾರ ಮಕ್ಕಳೋ ಏನೋ, ಹೋಗಿ ಕಾಲ ಆಗೋಯ್ತು," ಅಂದವರೇ, ನನ್ನ ನೆತ್ತಿಯ ಮೇಲೆ ಕೈಯಿಟ್ಟು ಮೂರನೆಯ ಸಲ ಮುಳುಗಿಸಿದರು.