ಕಟ್ಟೆ ನಮ್ಮದು, ಸೂಜಿ ಸರ್ಕಾರದ್ದು

ಜೀನ್ಸ್ ಪ್ಯಾಂಟಿನ ಒಂದು ಜೇಬನ್ನು ಪೂರ್ತಿ ಹೊಲಿಯಲು ಈ ಓಣಿ ನನ್ನನ್ನು ಬಿಟ್ಟಿದ್ದರೆ ಕೇಳಿ. ಮಿಷನ್ ಮೇಲೆ ಕಾಲಿಟ್ಟೆನೋ ಇಲ್ಲವೋ, ಬಾಗಿಲಲ್ಲಿ ಯಾರೋ ನಿಂತಿರುತ್ತಾರೆ. ರಾಯದುರ್ಗದ ನಮ್ಮ ಓಣಿಯಲ್ಲಿ ನಮ್ಮನೆ ಕಟ್ಟೆಯೇ ಅಗಲವೆಂದು ನರ್ಸಮ್ಮ ಪ್ರತಿ ಬುಧವಾರ ಅಲ್ಲೇ ಕೂತು ಮಕ್ಕಳಿಗೆ ಲಸಿಕೆ ಹಾಕುತ್ತಾರೆ. ನನ್ನ ಮಗಳಿಗೂ ಅಲ್ಲೇ ಹಾಕಿಸಿದ್ದು, ಬೇಡ ಅನ್ನಲು ನನಗೆ ಬಾಯಿಲ್ಲ. ಆಕೆ ಸೂಜಿ ಚುಚ್ಚಿ ಹೋಗುತ್ತಾರೆ. ಉಳಿದ ಆರು ದಿನ ವಿಚಾರಣೆ ನನ್ನ ಹತ್ತಿರ.

ಜ್ವರ

ಹಿಂದಿನ ಬೀದಿಯ ತಾತ ಒಂದು ಬೆಳಿಗ್ಗೆ ಜಗಳಕ್ಕೇ ಬಂದ. ಮೊಮ್ಮಗನಿಗೆ ಸೂಜಿಯಿಂದ ಜ್ವರ ಬಂದಿದೆ, ಇದೆಂಥ ಔಷಧಿ ಎಂದ. ಕೆಲವು ಮಕ್ಕಳಿಗೆ ಬರುತ್ತದೆ, ಎರಡು ದಿನದಲ್ಲಿ ಇಳಿಯುತ್ತದೆ ಎಂದು ನರ್ಸಮ್ಮ ಹೇಳಿದ್ದನ್ನೇ ಹೇಳಿ ಕಳಿಸಿದೆ. ಮುಂದಿನ ಸೂಜಿಯಾದ ಮೇಲೆ ಮತ್ತೆ ಬಂದ. ಈ ಸಲ ಹುಡುಗನಿಗೆ ಜ್ವರವೇ ಬಂದಿರಲಿಲ್ಲ.

"ನೀರು ಬೆರಸ್ಯಾರ ನೋಡಮ್ಮ. ಇನ್ನೊಂದು ಹಾಕಾಕ ಹೇಳು."

ಅರ್ಜಿ

ಎದುರು ಮನೆಯ ಹುಡುಗಿ ಗಂಡನ ಹೊಡೆತ ತಾಳಲಾರದೆ, ಒಂಬತ್ತು ತಿಂಗಳ ಕೂಸನ್ನು ಎತ್ತಿಕೊಂಡು ಅನಂತಪುರದ ಸರ್ಕಾರಿ ಆಶ್ರಯ ಮನೆ ಸೇರಿದಳು. ದಾರಿ ತೋರಿಸಿದವರು ನರ್ಸಮ್ಮ. ಬುಧವಾರ ಆ ಗಂಡ, ಹೆಂಡತಿ ಎಲ್ಲಿದ್ದಾಳೆಂದು ಕೇಳುತ್ತ ನೇರ ಕಟ್ಟೆಗೇ ಬಂದ.

"ವಿಳಾಸ ಕೊಡಾಕ ಬರಂಗಿಲ್ರಿ," ಎಂದರು ನರ್ಸಮ್ಮ.

ಅವನ ಹೊಟ್ಟೆಯುರಿ ಬೇರೆಯೇ ಇತ್ತು. ತಾನು ಮನೆಗಾಗಿ ಅರ್ಜಿ ಹಾಕಿ ಮೂರು ವರ್ಷದಿಂದ ಆಫೀಸು ಸುತ್ತುತ್ತಿದ್ದಾನಂತೆ. ಅವಳಿಗೆ ಒಂದೇ ದಿನದಲ್ಲಿ ಮನೆ ಹೇಗೆ ಸಿಕ್ಕಿತು ಎಂದು ಕೇಳಿದ. ನನಗೆ ತಡೆಯಲಾಗಲಿಲ್ಲ.

"ಆಕಿ ಅರ್ಜಿ ನೀನ ಬರೆದಿದ್ದೆಲ್ಲಪ್ಪ, ಬೆನ್ನ ಮ್ಯಾಲ."

ಸಾಲಿನಲ್ಲಿದ್ದ ತಾಯಂದಿರು ನಕ್ಕಿದ್ದಕ್ಕೆ ಅವನು ಹೋದ. ನಾನು ಹೇಳಿದ್ದಕ್ಕಲ್ಲ.

ಕಾರ್ಡು

ಆಮೇಲೆ ಆಶ್ರಯ ಮನೆಯಿಂದ ಆ ಹುಡುಗಿಯ ಫೋನು ಬಂತು. ಕೂಸಿಗೆ ಒಂಬತ್ತನೇ ತಿಂಗಳ ಸೂಜಿ ಹಾಕಿಸಬೇಕು. ಮೊದಲಿನವೆಲ್ಲ ತವರಲ್ಲಿ, ಭೈರವಾನಿತಿಪ್ಪದ ಕಡೆ ಆಗಿದ್ದವು. ಯಾವುದು ಆಗಿದೆ, ಯಾವುದಿಲ್ಲ ಎಂದು ಹೇಳುವ ಕಾರ್ಡು ಮಾತ್ರ ಗಂಡನ ಮನೆಯಲ್ಲೇ ಉಳಿದಿತ್ತು. ನಾನು ಹೋಗಿ ಅವಳ ಅತ್ತೆಯ ಹತ್ತಿರ ಕೇಳಿದೆ. ಸೊಸೆಯ ನಾಲಿಗೆ ಉದ್ದ ಎಂದು ಓಣಿಗೆಲ್ಲ ಸಾರಿದ್ದ ಹೆಂಗಸು. ನನ್ನ ಮುಖದ ಮೇಲೇ ಬಾಗಿಲು ಹಾಕಿಕೊಂಡಳು.

ಬುಧವಾರ ತಾನೇ ಬಂದು, ಸೆರಗಿನೊಳಗಿಂದ ಕಾರ್ಡು ತೆಗೆದು ಎಡಗೈಯಲ್ಲಿ ಚಾಚಿದಳು. ಸೊಸೆ ಮೇಲಿನ ಸಿಟ್ಟಿಗೆ ಎಡಗೈಯೇ ಎಂದು ರೇಗಿಸಿದೆ. ಬಲಗೈ ಏಳುತ್ತಿಲ್ಲ ಎಂದಳು. ನಾನು ಕೇಳಿದ್ದು ಮಗನ ಕಿವಿಗೆ ಬಿದ್ದು, ಹರಿದು ಹಾಕಲು ಕಾರ್ಡು ಹುಡುಕಿದನಂತೆ. ಈಕೆ ಅದರ ಮೇಲೆ ಕೂತವಳು ಏಳಲೇ ಇಲ್ಲ. ಎಬ್ಬಿಸಲು ಅವನು ತಿರುಚಿದ ಕೈ ಅದು.

ನರ್ಸಮ್ಮ ಕೈಗೆ ಬಟ್ಟೆ ಕಟ್ಟಿದರು, ನಾನು ಸೊಸೆಗೆ ಕಾರ್ಡಿನ ಫೋಟೋ ಕಳಿಸಿದೆ. ಮಧ್ಯಾಹ್ನ ನರ್ಸಮ್ಮ ಲಸಿಕೆ ಡಬ್ಬಿ ಮುಚ್ಚುವಷ್ಟರಲ್ಲಿ ಅವಳ ಫೋನು ಬಂತು. ಸೂಜಿ ಆಗಿತ್ತು, ಕೂಸು ಕಿರುಚುತ್ತಿತ್ತು. ಅತ್ತೆ ಫೋನಿಗೆ ಕಿವಿ ಒತ್ತಿ, ಕೂಸಿಗೆ ಗಂಟಲು ತನ್ನದೇ ಬಂದಿದೆ ಎಂದು ನಕ್ಕಳು. ಕೈ ತಿರುಚಿದ ಸುದ್ದಿ ನಾನು ಹೇಳಿದ್ದೇ, ನೀನೂ ಬಂದುಬಿಡು ಎಂದಳು ಆ ಕಡೆಯಿಂದ ಸೊಸೆ. ವಯಸ್ಸಾದವರಿಗೂ ಅಲ್ಲಿ ಜಾಗವಿದೆ, ನಾಳೆ ಬೆಳಿಗ್ಗೆ ನಾನೇ ಬಸ್ಸು ಹತ್ತಿಸುತ್ತೇನೆ ಎಂದರು ನರ್ಸಮ್ಮ.

ಅತ್ತೆ ಬಟ್ಟೆ ಕಟ್ಟಿದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ನನ್ನ ಕಡೆ ತಿರುಗಿದಳು.

"ಹೋಗ್ತೀನಿ ಬಿಡಮ್ಮ. ಅಲ್ಲಿ ಅತ್ತಿ-ಸೊಸಿಗೆ ಒಲಿ ಒಂದ ಇರತೈತೋ, ಬ್ಯಾರೆ ಬ್ಯಾರೆನೋ?"