ತಾಳೆಬೆಲ್ಲದ ಪ್ರಸಾದ

ಪಕ್ಕದ ಮನೆಯ ಸರೋಜಾ ಆಂಟಿಯ ಹತ್ತಿರ ಹೆಪ್ಪಿಗೆ ಮೊಸರು ಮುಗಿದು ಹೋದದ್ದೇ ರಘೂತ್ತಮನ ಗ್ರಹಚಾರಕ್ಕೆ ಮೂಲವಾಯಿತು. ಶನಿವಾರ ಮಧ್ಯಾಹ್ನ ಅವರು ಬಟ್ಟಲು ಹಿಡಿದು ಬಂದಾಗ ಅವನು ಸೋಫಾದ ಮೇಲೆ ಅರೆನಿದ್ದೆಯಲ್ಲಿದ್ದ. ಸಿಂಗಪುರದಿಂದ, ಹೂಸ್ಟನ್ನಿಗೆ ಮೂರು ಗಂಟೆ ದೂರದ ಜಾರ್ಜ್‌ಟೌನಿಗೆ ಮರಳಿ ಎರಡು ದಿನವಾಗಿದ್ದರೂ ಅವನ ದೇಹ ಇನ್ನೂ ಅಲ್ಲಿಯ ಗಡಿಯಾರವನ್ನೇ ನಂಬಿಕೊಂಡಿತ್ತು.

“ನೀನು ಮಲಗಿರಪ್ಪಾ, ನಾನೇ ತಗೋತೀನಿ,” ಎಂದು ಆಂಟಿ ಅಡುಗೆಮನೆಗೆ ನಡೆದರು. ಮರುಗಳಿಗೆ ಅಲ್ಲಿಂದ ಪ್ರಶ್ನೆ ಬಂತು. “ರಘೂ, ಈ ತಾಳೆಗರಿಯ ಪೊಟ್ಟಣ ಏನೋ? ಕೆಂಪು ದಾರ ಬೇರೆ ಕಟ್ಟಿದೆ!”

“ತಾಳೆಬೆಲ್ಲ ಆಂಟಿ. ಅಂಕೋರ್ ವಾಟ್ ದೇವಸ್ಥಾನದ ಬಾಗಿಲಲ್ಲಿ...” ಎನ್ನುವಷ್ಟರಲ್ಲಿ ಅವನ ನಿದ್ದೆ ಹಾರಿಹೋಯಿತು. ಬಾಯಿ ಮುಚ್ಚಿದ. ಆದರೆ ಮಾತು ಆಗಲೇ ಅಡುಗೆಮನೆ ಸೇರಿತ್ತು.

ಅವನು ಅಂಕೋರಿಗೆ ಹೋಗಲೇಬಾರದಿತ್ತು. ಕಾಂಬೋಡಿಯಾದ ಆ ಪುರಾತನ ಖ್ಮೇರ್ ದೇವಾಲಯಗಳನ್ನು ಮದುವೆಯ ಹತ್ತನೇ ವರ್ಷಕ್ಕೆ, ಮೊದಲ ಸಲ, ಜೊತೆಯಾಗಿಯೇ ನೋಡಬೇಕೆಂದು ಅವನೂ ಹೆಂಡತಿ ಮೃಣಾಲಿನಿಯೂ ಮಾತು ಕೊಟ್ಟುಕೊಂಡಿದ್ದರು. ಬರುವ ಡಿಸೆಂಬರಿಗೆ ಹತ್ತು ತುಂಬುತ್ತಿತ್ತು. ಆದರೆ ಅವನು ಕೆಲಸ ಮಾಡುವ, ಪಕ್ಕದ ಟೇಲರ್ ಊರಿನ ಚಿಪ್ ಕಾರ್ಖಾನೆಯವರು ಅವನನ್ನು ತರಬೇತಿಗೆಂದು ಸಿಂಗಪುರಕ್ಕೆ ಕಳಿಸಿದರು. ಅಲ್ಲಿ ಸಹೋದ್ಯೋಗಿಗಳು ವಾರಾಂತ್ಯಕ್ಕೆ, ಗೈಡ್ ಸಮೇತ, ಅಂಕೋರಿಗೆ ಹೊರಟರು. ‘ನಾನು ಬರಲ್ಲ’ ಎನ್ನಲು ಬಾಯಿ ತೆರೆದ ರಘೂತ್ತಮ ಅದನ್ನು ಮುಚ್ಚಿದ್ದು ವಿಮಾನದಲ್ಲಿ ಬೆಲ್ಟು ಕಟ್ಟಿಕೊಂಡ ಮೇಲೆ. ಮೃಣಾಲಿನಿಗೆ ಮಾತ್ರ ಫೋನ್ ಮಾಡಿ, ಜ್ವರ, ಹೋಟೆಲಿನಲ್ಲಿ ಮಲಗಿದ್ದೇನೆ ಎಂದಿದ್ದ. ಅವಳು ಆ ಎರಡು ವಾರ ಹೂಸ್ಟನ್ನಿನಲ್ಲಿ ತಂಗಿ ಪ್ರಗತಿಯ ಮನೆಯಲ್ಲಿದ್ದಳು. ಅಲ್ಲಿ ಅಪರಾತ್ರಿಯಾಗಿದ್ದರೂ ಒಂದೇ ರಿಂಗಿಗೆ ಫೋನೆತ್ತಿ, “ಅಯ್ಯೋ ಪಾಪ, ಕಷಾಯ ಕುಡಿದು ಮಲಗು” ಎಂದಿದ್ದಳು. ಅವಳು ವಾಪಸು ಬರುವುದು ಇವತ್ತೇ ಸಂಜೆ.

“ಮಹಾವಿಷ್ಣುವಿನ ಪ್ರಸಾದ!” ಆಂಟಿ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡರು.

“ಪ್ರಸಾದ ಅಲ್ಲ ಆಂಟಿ. ವಿಷ್ಣುವಿಗೆ ಕಟ್ಟಿಸಿದ್ದು ಹೌದು, ಆದ್ರೆ ಈಗ ಅದು ಬೌದ್ಧರ ಜಾಗ. ಇದು ಗೈಡ್‌ನ ಚಿಕ್ಕಮ್ಮನ ಅಂಗಡೀದು. ಬಂದೋರನ್ನೆಲ್ಲ ಅವನು ಅಲ್ಲಿಗೇ ಕರ್ಕೊಂಡು ಹೋಗ್ತಾನೆ...”

“ದೇವರ ಬಾಗಿಲಲ್ಲಿ ಸಿಕ್ಕಿದ್ಮೇಲೆ ಪ್ರಸಾದಾನೇ ಕಣೋ.” ಒಂದು ಬಿಲ್ಲೆ ಆಗಲೇ ಅವರ ದವಡೆಯಲ್ಲಿತ್ತು.

“ದಮ್ಮಯ್ಯ, ಮೃಣಾಲಿನಿಗೆ ಹೇಳ್ಬೇಡಿ,” ಎಂದು ರಘೂತ್ತಮ ನಡೆದದ್ದನ್ನೆಲ್ಲ ಹೇಳಿಕೊಂಡ.

“ಛೆ, ನನ್ನ ಬಾಯಿ ಬ್ಯಾಂಕ್ ಲಾಕರ್ ಇದ್ದ ಹಾಗೆ.” ಆಂಟಿ ಮೊಸರು ಮರೆತು, ಬಟ್ಟಲಿಗೆ ನಾಲ್ಕು ಬಿಲ್ಲೆ ಹಾಕಿಕೊಂಡು ಹೋದರು.

ಆ ಲಾಕರಿನ ಕೀಲಿ ಕನ್ನಡದವರೇ ತುಂಬಿದ ಆ ಬೀದಿಯಲ್ಲಿ ಎಲ್ಲರ ಹತ್ತಿರವೂ ಇತ್ತು. ಮೊದಲು ಬಂದವರು ಎದುರುಮನೆಯ ಶಿವಬಸವ್ವ. “ನಮಗೂ ಒಂದ್ ತುಣುಕ ಕೊಡ್ರಿ. ಮೊಮ್ಮಗಂದು ಡ್ರೈವಿಂಗ್ ಟೆಸ್ಟ್ ಐತ್ರಿ. ನಿಮ್ಮ ಮನಿಯವರಿಗೆ ಹೇಳೂದಿಲ್ಲ, ಚಿಂತಿ ಬ್ಯಾಡ. ಹೇಳಬ್ಯಾಡ ಅಂತ ಚಂದ್ರಮ್ಮಗೂ ಹೇಳಿ ಬಂದೀನಿ.”

ಚಂದ್ರಮ್ಮ ಬಂದರು. ಅವರು ‘ಹೇಳಬೇಡಿ’ ಎಂದು ಎಚ್ಚರಿಸಿದವರೂ ಬಂದರು. ಬಾಗಿಲಲ್ಲಿ ಸತ್ಯನಾರಾಯಣ ಪೂಜೆಗೆ ಬಿಟ್ಟಷ್ಟು ಚಪ್ಪಲಿ. ರಘೂತ್ತಮ ಚಾಕು ಹಿಡಿದು ಬೆಲ್ಲವನ್ನು ಸಣ್ಣಗೆ, ಇನ್ನೂ ಸಣ್ಣಗೆ ಹೆಚ್ಚುತ್ತಾ ಹೋದ. ಕಡೆಯವರಿಗೆ ಸಾಸಿವೆಯಷ್ಟು ಸಿಕ್ಕಿತು. ತನಗೆ ನಿದ್ದೆ ಬರುತ್ತಿದೆಯೋ, ಇದೆಲ್ಲ ನಿದ್ದೆಯಲ್ಲೇ ನಡೆಯುತ್ತಿದೆಯೋ ಅವನಿಗೆ ತಿಳಿಯದಾಯಿತು.

ಅಷ್ಟರಲ್ಲಿ ಬೀದಿಯವರಿಗೆಲ್ಲ ಪ್ರವಾಸ ಏರ್ಪಡಿಸುವ ಬದರಿನಾಥ ಅಂಕಲ್ ಅವನನ್ನು ಮೂಲೆಗೆ ಎಳೆದರು. “ಅಲ್ಲಿ ಸಮುದ್ರಮಥನದ ಶಿಲ್ಪ ಇದ್ಯಲ್ಲ, ವಾಸುಕಿಯ ತಲೆ ಹಿಡಿದಿರೋದು ದೇವತೆಗಳೋ, ಅಸುರರೋ?”

ಒಂದೇ ದಿನ ನಾಲ್ಕು ಗುಡಿ ನೋಡಿದ್ದ ರಘೂತ್ತಮನ ತಲೆಯಲ್ಲಿ ಎಲ್ಲವೂ ಬಿಸಿಬೇಳೆಬಾತಿನಂತೆ ಕಲಸಿಹೋಗಿತ್ತು. “ಒಂದು ಮರ ಇತ್ತು ಅಂಕಲ್. ಗೋಡೆ ಮೇಲೆ ಕೂತಿತ್ತು. ಆಮೇಲೆ ತುಂಬಾ ಮುಖಗಳು. ಎಲ್ಲಾ ನನ್ನನ್ನೇ ನೋಡ್ತಿದ್ವು.”

“ಹೋಗ್ಲಿ, ಗೈಡ್ ಹೆಸರೇನು? ನಂಬರ್ ಕೊಡು.”

“ಸೋಖಾ,” ಎಂದು ನಂಬರನ್ನೂ ಕೊಟ್ಟ. ಅಂಕಲ್ ಹೊರಟರೆ ಸಾಕಿತ್ತು. ಅವರು ಹೊರಡಲಿಲ್ಲ, ಅಲ್ಲೇ ಕೂತು ಫೋನು ಒತ್ತತೊಡಗಿದರು.

ಸಂಜೆ ಮೃಣಾಲಿನಿ ಬಾಗಿಲು ತೆರೆದಾಗ ಕೋಣೆ ತುಂಬ ಜನ, ಒಬ್ಬರ ಬಾಯಲ್ಲೂ ಮಾತಿಲ್ಲ. ಎಲ್ಲರೂ ಕೊಟ್ಟ ಮಾತನ್ನು ಹಲ್ಲು ಕಚ್ಚಿ ಉಳಿಸಿಕೊಳ್ಳುತ್ತಿದ್ದರು. ಬೆಲ್ಲವೆಲ್ಲ ಹೊಟ್ಟೆಯೊಳಗೆ, ಗರಿಯೆಲ್ಲ ಕಸದಬುಟ್ಟಿಯೊಳಗೆ. ರಘೂತ್ತಮ ಉಸಿರು ಬಿಟ್ಟ.

“ಏನಾಯ್ತು? ಯಾಕೆ ಎಲ್ರೂ ಹೀಗೆ?” ಮೃಣಾಲಿನಿ ಗಾಬರಿಯಾದಳು.

“ನಿನ್ನ ನೋಡಿ ಎರಡು ವಾರ ಆಯ್ತಲ್ಲೇ,” ಎಂದರು ಸರೋಜಾ ಆಂಟಿ.

ಮೃಣಾಲಿನಿ ದೊಡ್ಡದಾಗಿ ಆಕಳಿಸಿದಳು. “ಈ ಹೊತ್ತಿಗೇ ನಿದ್ದೆ ಎಳೀತಿದೆ ನಂಗೆ. ಇರ್ಲಿ, ಎಲ್ರೂ ಇದ್ದೀರಿ, ಈಗ್ಲೇ ಹೇಳ್ತೀನಿ. ರಘು, ಡಿಸೆಂಬರಿಗೆ ಅಂಕೋರ್ ಟಿಕೆಟ್ ಬುಕ್ ಮಾಡ್ಬಿಟ್ಟೆ! ಕೊನೆಗೂ ಇಬ್ರೂ ಮೊದಲ ಸಲ ನೋಡ್ತೀವಿ. ಆದ್ರೆ ಗೈಡ್ ಮಾತ್ರ ಬೇಡ.”

“ಬೇಡ್ವೇ ಬೇಡ!” ಎಂದ ರಘೂತ್ತಮ, ಬಹಳ ದಿನದ ಮೇಲೆ ಮನಸಾರೆ.

“ಗೈಡ್ ಇಲ್ದೆ ಆ ಊರಲ್ಲಿ ಏನು ನೋಡ್ತೀರಿ?” ಬದರಿನಾಥ ಅಂಕಲ್ ಎದ್ದು ನಿಂತರು. “ನಾವೂ ಬರ್ತೀವಿ. ಬೀದಿಗೆ ಬೀದೀನೇ ಬರತ್ತೆ. ಗೈಡ್‌ನೂ ಗೊತ್ತು ಮಾಡಿ ಆಯ್ತು. ಒಳ್ಳೇ ಹುಡುಗ, ಸೋಖಾ ಅಂತ.”

ರಘೂತ್ತಮನ ಮುಖ ಬಾಡಬೇಕಿತ್ತು. ಆದರೆ ಅದಕ್ಕೂ ಮೊದಲೇ ಮೃಣಾಲಿನಿಯ ಕೈಚೀಲ ಜಾರಿ ಬಿತ್ತು. ಅದರೊಳಗಿಂದ ಗರಿಯ ಪೊಟ್ಟಣವೊಂದು ಉರುಳುತ್ತಾ ಬಂದು ಅವನ ಕಾಲ ಬಳಿ ನಿಂತಿತು. ಕೆಂಪು ದಾರ ಕಟ್ಟಿತ್ತು.

“ಇನ್ನೂ ಇದ್ಯಲ್ಲೋ ಪ್ರಸಾದ!” ಸರೋಜಾ ಆಂಟಿ ಕೈ ಚಾಚಿದರು.

“ಅದು... ಹೂಸ್ಟನ್ ಅಂಗಡೀಲಿ ಸಿಕ್ತು,” ಎಂದಳು ಮೃಣಾಲಿನಿ, ಯಾರನ್ನೂ ನೋಡದೆ.

ಆ ದಾರದ ಗಂಟು ಯಾವ ಚಿಕ್ಕಮ್ಮನ ಅಂಗಡಿಯದೆಂದು ರಘೂತ್ತಮನಿಗೆ ಗೊತ್ತಿತ್ತು. ಗೊತ್ತೆಂದು ಹೇಳಿದರೆ ಹೇಗೆ ಗೊತ್ತಾಯಿತೆಂದೂ ಹೇಳಬೇಕಾಗಿತ್ತು. “ಚೆನ್ನಾಗಿದೆ,” ಎಂದ.

ಬದರಿನಾಥ ಅಂಕಲ್ ಫೋನ್ ಮೇಲೆತ್ತಿ ಹಿಡಿದರು. “ಸೋಖಾ ಉತ್ತರ ಕಳ್ಸಿದ್ದಾನೆ. ಏರ್‌ಪೋರ್ಟಲ್ಲಿ ಗುರುತು ಹಿಡಿಯೋಕೆ ಎಲ್ರ ಫೋಟೋ ಬೇಕಂತೆ. ಮೊದಲು ನೀವಿಬ್ರೂ ನಿಂತ್ಕೊಳ್ಳಿ. ಇನ್ನೂ ಹತ್ರ. ಹಾಂ... ಸ್ವಲ್ಪ ನಗ್ರಪ್ಪಾ!”